ಅಂಕವೂ ಅಭಿಪ್ರಾಯವೂ: ಚಲಚ್ಚಿತ್ರ ಪ್ರೇಕ್ಷಕರ ತೀರ್ಪನ್ನು ಕುರಿತು

೧

ಚಲಚ್ಚಿತ್ರವನ್ನು ನೋಡಿ ಹೊರಬಂದವನು ತನ್ನ ಸ್ನೇಹಿತನಿಗೆ ಮೊದಲು ತಿಳಿಸುವುದು ಅದರ ಕಥೆಯನ್ನಲ್ಲ, ಅದರ ಬೆಲೆಯನ್ನು. ‘ಚೆನ್ನಾಗಿದೆ’, ‘ದುಡ್ಡು ದಂಡ’, ‘ಒಮ್ಮೆ ನೋಡಬಹುದು’ ಎಂಬ ಮಾತುಗಳು ಹಿಂದಿನಿಂದಲೂ ಚಿತ್ರಮಂದಿರದ ಬಾಗಿಲಲ್ಲಿ ಕೇಳಿಬರುತ್ತಿದ್ದವು. ಈಗ ಅವೇ ಮಾತುಗಳು ಅಂಕಗಳ ವೇಷವನ್ನು ತೊಟ್ಟಿವೆ. ಚಿತ್ರರಸಿಕರು ತಾವು ಇತ್ತೀಚೆಗೆ ನೋಡಿದ ಚಿತ್ರಗಳ ಪಟ್ಟಿಯನ್ನು ಮಾಡಿ, ಒಂದೊಂದರ ಮುಂದೆಯೂ ಹತ್ತಕ್ಕೆ ಇಷ್ಟು, ಐದು ತಾರೆಗಳಲ್ಲಿ ಇಷ್ಟು ಎಂದು ಬರೆದು, ಒಂದೆರಡು ವಾಕ್ಯಗಳ ಅಭಿಪ್ರಾಯವನ್ನು ಸೇರಿಸಿ, ಪರಸ್ಪರ ಹಂಚಿಕೊಳ್ಳುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಈ ಅಭ್ಯಾಸವಿಲ್ಲದವರು ವಿರಳ.

ಅಧ್ಯಾಪಕವರ್ಗವು ಇದನ್ನು ಸಾಮಾನ್ಯವಾಗಿ ಹಗುರವಾಗಿ ಕಾಣುತ್ತದೆ. ರಸಾನುಭವಕ್ಕೆ ಅಂಕವನ್ನು ಕೊಡುವುದು ಹೂವಿನ ಪರಿಮಳವನ್ನು ತಕ್ಕಡಿಯಲ್ಲಿ ತೂಗಿದಂತೆ ಎಂಬುದು ಆಕ್ಷೇಪಣೆ. ಈ ಆಕ್ಷೇಪಣೆ ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಅಂಕವನ್ನು ಕೊಡುವುದರಲ್ಲಿ ದೋಷವಿಲ್ಲ. ಯಾವ ಅಂಶಕ್ಕೆ ಕೊಟ್ಟೆನೆಂಬುದನ್ನು ಹೇಳದೆ ಕೊಡುವುದರಲ್ಲಿ ದೋಷವಿದೆ ಎಂಬುದು ನನ್ನ ಅಭಿಮತ. ಇದಕ್ಕೆ ಆಧಾರವು ನಮ್ಮ ನಾಟ್ಯಶಾಸ್ತ್ರದಲ್ಲಿಯೇ ದೊರೆಯುತ್ತದೆ.

೨

ಅಂಕ ಕೊಡುವ ಪದ್ಧತಿಯು ಪತ್ರಿಕಾವ್ಯವಸಾಯದಿಂದ ಬಂದುದೆಂದು ಭಾವಿಸುವುದು ವಾಡಿಕೆ. ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ವಿಮರ್ಶಕಿ ೧೯೨೮ರಲ್ಲಿ ಚಿತ್ರಗಳಿಗೆ ತಾರೆಗಳನ್ನು ಕೊಡಲಾರಂಭಿಸಿದುದು ಈ ಪದ್ಧತಿಯ ಮೊದಮೊದಲ ನಿದರ್ಶನಗಳಲ್ಲೊಂದು. ೧೯೫೦ರ ದಶಕದಲ್ಲಿ ಪ್ಯಾರಿಸ್ಸಿನ ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯು ‘ಹತ್ತು ಮಂದಿಯ ಸಮಿತಿ’ ಎಂಬ ಕೋಷ್ಟಕವನ್ನು ಪ್ರಕಟಿಸತೊಡಗಿತು. ಹತ್ತು ಜನ ವಿಮರ್ಶಕರು ಒಂದೇ ಚಿತ್ರಕ್ಕೆ ಕೊಟ್ಟ ತಾರೆಗಳನ್ನು ಅದರಲ್ಲಿ ಒಂದೇ ಸಾಲಿನಲ್ಲಿ ನೋಡಬಹುದಾಗಿತ್ತು.

ಆದರೆ ಇದಕ್ಕಿಂತ ಬಹು ಪೂರ್ವದಲ್ಲಿಯೇ ಭರತನು ಪ್ರಯೋಗದ ಗುಣದೋಷಗಳನ್ನು ಎಣಿಸುವ ವಿಧಾನವನ್ನು ನಿರೂಪಿಸಿದ್ದಾನೆ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯದೆಂದು ಸಾಮಾನ್ಯವಾಗಿ ಗಣಿತವಾದ ಅಧ್ಯಾಯವು ಸಿದ್ಧಿಯನ್ನು, ಎಂದರೆ ಪ್ರಯೋಗದ ಸಾಫಲ್ಯವನ್ನು, ಕುರಿತದ್ದು. ಸಿದ್ಧಿಯು ಮಾನುಷಿ, ದೈವಿಕಿ ಎಂದು ಎರಡು ಬಗೆ. ಪ್ರೇಕ್ಷಕರ ಮುಗುಳುನಗೆ, ಅಟ್ಟಹಾಸ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು, ರೋಮಾಂಚ, ಆಸನದಿಂದ ಎದ್ದು ನಿಲ್ಲುವುದು, ಉಡುಗೆ ಉಂಗುರಗಳನ್ನು ರಂಗದತ್ತ ಎಸೆಯುವುದು ಇವೆಲ್ಲ ಮಾನುಷಿ ಸಿದ್ಧಿಯ ಲಕ್ಷಣಗಳು. ಇವುಗಳಿಗೆ ಪ್ರತಿಯಾಗಿ ಘಾತಗಳೆಂಬ ವಿಘ್ನಗಳಿವೆ. ಸಿದ್ಧಿಗಳು ಹೆಚ್ಚಾಗಿ ಘಾತಗಳು ಕಡಮೆಯಾದ ಪ್ರಯೋಗಕ್ಕೆ ಪತಾಕೆಯ ಬಹುಮಾನ.

ಹೀಗೆ ಎಣಿಕೆಯು ಭರತನಿಗೆ ಅಸ್ಪೃಶ್ಯವಾಗಿರಲಿಲ್ಲ. ಆದರೆ ವಿವಾದ ತಲೆದೋರಿದಾಗ ತೀರ್ಪು ಕೊಡತಕ್ಕವರು ಯಾರು? ಅದಕ್ಕಾಗಿ ಅವನು ಪ್ರಾಶ್ನಿಕರನ್ನು ಹೇಳುತ್ತಾನೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ಶಬ್ದಶಾಸ್ತ್ರಜ್ಞ, ರಾಜ, ಧನುರ್ವಿದ್ಯೆಯನ್ನು ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಂಧರ್ವವನ್ನು ಬಲ್ಲವನು, ರಾಜಸೇವಕ ಎಂದು ಅವರು ಹತ್ತು ಮಂದಿ. ಯಜ್ಞದ ಪ್ರಸಂಗದಲ್ಲಿ ಯಜ್ಞವಿದನ ಮಾತು, ಅಭಿನಯದಲ್ಲಿ ನರ್ತಕನ ಮಾತು, ಸ್ವರತಾಳಗಳಲ್ಲಿ ಗಾಂಧರ್ವಜ್ಞನ ಮಾತು ಪ್ರಮಾಣ.

ಪ್ಯಾರಿಸ್ಸಿನ ಸಮಿತಿಯೂ ಹತ್ತು ಮಂದಿಯದು, ಭರತನ ಮಂಡಲಿಯೂ ಹತ್ತು ಮಂದಿಯದು. ಸಂಖ್ಯೆಯ ಸಾಮ್ಯ ಆಕಸ್ಮಿಕ. ಭೇದವು ಮಾತ್ರ ಮುಖ್ಯವಾದದ್ದು. ಪ್ಯಾರಿಸ್ಸಿನ ಹತ್ತು ಮಂದಿಗೂ ಕೇಳಿದ್ದು ಒಂದೇ ಪ್ರಶ್ನೆ: ಈ ಚಿತ್ರವನ್ನು ನೋಡಬೇಕೆ, ಬೇಡವೆ? ಭರತನ ಹತ್ತು ಮಂದಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ.

೩

ಈ ಭೇದದ ಪರಿಣಾಮವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಾಯಕನಾಗಿ ನಟಿಸಿದ ‘ಕಾಂತಾರ’ ಚಿತ್ರವು ೨೦೨೨ರಲ್ಲಿ ತೆರೆಗೆ ಬಂದಾಗ ರಸಿಕರು ಅದಕ್ಕೆ ಧಾರಾಳವಾಗಿ ಅಂಕಗಳನ್ನು ಕೊಟ್ಟರು. ‘ಹತ್ತಕ್ಕೆ ಒಂಬತ್ತು’ ಎಂಬ ತೀರ್ಪನ್ನು ನಾವು ಹೇಗೆ ಅರ್ಥಮಾಡಬೇಕು? ಕೊನೆಯ ದೃಶ್ಯಗಳ ಆವೇಶಕ್ಕೆ ಒಬ್ಬನು ಒಂಬತ್ತನ್ನು ಕೊಟ್ಟಿರಬಹುದು. ಅವನು ನರ್ತಕನ ಸ್ಥಾನದಲ್ಲಿದ್ದಾನೆ. ಕುಂದಾಪುರದ ಆಡುಮಾತಿನ ಸಹಜತೆಗೆ ಮತ್ತೊಬ್ಬನು ಕೊಟ್ಟಿರಬಹುದು. ಅವನು ಶಬ್ದಶಾಸ್ತ್ರಜ್ಞನ ಸ್ಥಾನದಲ್ಲಿದ್ದಾನೆ. ದೈವಾರಾಧನೆಯನ್ನು ಮನೆತನದ ನಂಬಿಕೆಯಾಗಿ ಆಚರಿಸುವ ತುಳುನಾಡಿನವನು ಕೋಲದ ವಿಧಿಗಳನ್ನು ತೆರೆಯ ಮೇಲೆ ಕಂಡಾಗ ಅವನ ಪ್ರಶ್ನೆಯೇ ಬೇರೆ, ಅವನು ಯಜ್ಞವಿದ. ನಾಯಕನು ನಾಯಿಕೆಯೊಡನೆ ನಡೆದುಕೊಳ್ಳುವ ರೀತಿಯು ಅನುಚಿತವೆಂದು ಹಲವರು ಆಕ್ಷೇಪಿಸಿದರು. ಶೃಂಗಾರವಿಷಯದ ತೀರ್ಪನ್ನು ಭರತನು ಪಂಡಿತನಿಗಾಗಲಿ ಅರಸನಿಗಾಗಲಿ ಬಿಡದೆ ಹೆಣ್ಣೊಬ್ಬಳಿಗೆ ವಹಿಸಿರುವುದು ಇಲ್ಲಿ ಸ್ಮರಣೀಯ.

ಈ ನಾಲ್ಕು ತೀರ್ಪುಗಳೂ ಪರಸ್ಪರ ವಿರುದ್ಧವಾಗಬೇಕಾಗಿಲ್ಲ. ಒಬ್ಬನೇ ಪ್ರೇಕ್ಷಕನಲ್ಲಿಯೂ ಅವು ಕೂಡಿರಬಹುದು. ಅವೆಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಕರಗಿಸಿದಾಗ, ಯಾವುದು ಒಪ್ಪಿಗೆ ಯಾವುದು ಅಸಮ್ಮತಿ ಎಂಬುದು ತಿಳಿಯದಂತಾಗುತ್ತದೆ. ಸರಾಸರಿಯಿಂದ ಈ ಕಷ್ಟವು ಇಮ್ಮಡಿಸುತ್ತದೆ. ಒಂದು ಚಿತ್ರಕ್ಕೆ ಐವರು ಹತ್ತನ್ನೂ ಐವರು ಎರಡನ್ನೂ ಕೊಟ್ಟರೆ ಸರಾಸರಿ ಆರು. ಇನ್ನೊಂದಕ್ಕೆ ಹತ್ತು ಮಂದಿಯೂ ಆರನ್ನೇ ಕೊಟ್ಟರೂ ಸರಾಸರಿ ಆರೇ. ಮೊದಲನೆಯದು ಜಗಳವೆಬ್ಬಿಸಿದ ಚಿತ್ರ. ಎರಡನೆಯದು ಯಾರನ್ನೂ ಕಲಕದ ಚಿತ್ರ. ವಿಮರ್ಶಕನಿಗೆ ಬೇಕಾದದ್ದು ಆ ಜಗಳ; ಅದನ್ನೇ ಸರಾಸರಿಯು ಮರೆಮಾಡುತ್ತದೆ.

ಅಧ್ಯಾಪಕರಾದ ನಾವು ನಗುವಂತಿಲ್ಲ. ನಾವೂ ಉತ್ತರಪತ್ರಿಕೆಗೆ ನೂರಕ್ಕೆ ಇಷ್ಟೆಂದು ಬರೆಯುವವರೇ. ಆದರೆ ಆ ಮೊತ್ತದ ಹಿಂದೆ ಪ್ರಶ್ನೆ ಪ್ರಶ್ನೆಗೂ ಕೊಟ್ಟ ಬಿಡಿ ಅಂಕಗಳಿರುತ್ತವೆ. ವಿದ್ಯಾರ್ಥಿಯು ಬಯಸಿದರೆ ಮರುಪರಿಶೀಲನೆಗೆ ಅವಕಾಶವುಂಟು. ಬಿಡಿ ಅಂಕಗಳಿಲ್ಲದ ಮೊತ್ತವನ್ನು ಪುನಃ ಪರೀಕ್ಷಿಸುವ ದಾರಿಯೇ ಇಲ್ಲ.

೪

ಹಾಗಾದರೆ ಪ್ರೇಕ್ಷಕನ ಅಂಕಕ್ಕೆ ಬೆಲೆಯೇ ಇಲ್ಲವೆ? ಉಂಟು. ಅದನ್ನು ತಕ್ಕ ಸ್ಥಾನದಲ್ಲಿ ಇಟ್ಟು ನೋಡಬೇಕು. ‘ಹತ್ತಕ್ಕೆ ಒಂಬತ್ತು’ ಎಂಬುದು ‘ಸಾಧು’ ಎಂಬ ಉದ್ಗಾರದ ಇಂದಿನ ರೂಪ. ಅದು ಮಾನುಷಿ ಸಿದ್ಧಿಯ ಚಿಹ್ನೆಯೇ ಹೊರತು ಪ್ರಾಶ್ನಿಕನ ತೀರ್ಪಲ್ಲ. ಚಿಹ್ನೆಯೆಂದು ಗ್ರಹಿಸಿದರೆ ಅದು ಅಮೂಲ್ಯವಾದ ಸಾಕ್ಷ್ಯ. ಓದದವರಲ್ಲಿಯೂ ಕಾವ್ಯಪರಿಣತಿಯನ್ನು ಕಂಡು ಕನ್ನಡಿಗರನ್ನು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಪ್ರಶಂಸಿಸಿದ್ದಾನೆ. ಆ ಪರಂಪರೆಯವರಾದ ನಾವು ಸಾಮಾನ್ಯ ಪ್ರೇಕ್ಷಕನ ಉದ್ಗಾರವನ್ನು ತಿರಸ್ಕರಿಸುವುದು ಯುಕ್ತವಲ್ಲ.

ತರುಣರಿಗೆ ಶೃಂಗಾರವೂ, ವೃದ್ಧರಿಗೆ ಧರ್ಮಾಖ್ಯಾನಗಳೂ, ಶೂರರಿಗೆ ರೌದ್ರಾದಿಗಳೂ ಮೆಚ್ಚುಗೆಯಾಗುತ್ತವೆಂದು ಭರತನೂ ಹೇಳಿ, ಪ್ರೇಕ್ಷಕರ ಪ್ರಕೃತಿಭೇದವನ್ನು ಒಪ್ಪಿದ್ದಾನೆ. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ೧೯೭೨ರಲ್ಲಿ ಬಂದು ಅಪಾರ ಜನಾದರವನ್ನು ಪಡೆಯಿತು. ತಾನು ಬೆಳೆಸಿದ ಮನೆಯಲ್ಲಿಯೇ ಅಪಮಾನಿತನಾಗಿ ಊರನ್ನು ಬಿಟ್ಟು ಹೋಗುವ ರಾಜೀವನ ತ್ಯಾಗದಲ್ಲಿ ಹಿರಿಯರು ಧರ್ಮವನ್ನು ಕಂಡರೆ, ಅದೇ ತ್ಯಾಗವು ಅನ್ಯಾಯಕ್ಕೆ ತಲೆಬಾಗುವುದಾಗಿ ತೋರಿ ಇಂದಿನ ವಿದ್ಯಾರ್ಥಿಯು ಅಂಕವನ್ನು ಕಳೆಯಬಹುದು. ಇಬ್ಬರೂ ಕಾರಣವನ್ನು ಬರೆದಿಟ್ಟರೆ, ಎರಡು ತಲೆಮಾರುಗಳ ಧರ್ಮಬುದ್ಧಿಯ ಇತಿಹಾಸಕ್ಕೆ ಅದು ಆಕರ. ಬರಿಯ ಅಂಕವನ್ನು ಬರೆದಿಟ್ಟರೆ ಅದು ಯಾರಿಗೂ ಉಪಯೋಗವಿಲ್ಲ.

ಕಾಲವೂ ತೀರ್ಪನ್ನು ತಿದ್ದುತ್ತದೆ. ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ೧೯೫೨ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತಗಳನ್ನು ಸಂಗ್ರಹಿಸುತ್ತ ಬಂದಿದೆ. ಮೊದಲ ಬಾರಿ ಅಗ್ರಸ್ಥಾನ ಪಡೆದದ್ದು ‘ಬೈಸಿಕಲ್ ಥೀವ್ಸ್’. ಆಗ ಮೊದಲ ಹತ್ತರಲ್ಲಿಯೂ ಇಲ್ಲದಿದ್ದ ‘ಸಿಟಿಜನ್ ಕೇನ್’ ೧೯೬೨ರಲ್ಲಿ ಅಗ್ರಸ್ಥಾನಕ್ಕೇರಿ ೨೦೦೨ರ ಗಣನೆಯವರೆಗೂ ಅಲ್ಲಿಯೇ ನಿಂತಿತು. ೨೦೧೨ರಲ್ಲಿ ‘ವರ್ಟಿಗೋ’, ೨೦೨೨ರಲ್ಲಿ ‘ಜಾನ್ ಡೀಲ್ಮನ್’ ಆ ಸ್ಥಾನಕ್ಕೆ ಬಂದವು. ಚಿತ್ರಗಳು ಬದಲಾಗಲಿಲ್ಲ, ನೋಡುವವರು ಬದಲಾದರು. ಪರಿಣತರ ಮತವೇ ಹೀಗಿರುವಲ್ಲಿ, ನಿನ್ನೆ ನೋಡಿದ ಚಿತ್ರಕ್ಕೆ ಇಂದು ಕೊಟ್ಟ ಅಂಕವನ್ನು ಅಂತಿಮವೆಂದು ಹೇಳುವುದು ಸಾಹಸವೇ ಸರಿ.

೫

ಇನ್ನೆರಡು ಎಚ್ಚರಿಕೆಗಳನ್ನು ಭರತನಿಂದಲೇ ಪಡೆಯಬಹುದು. ನಟರ ಪ್ರಮಾದದಿಂದ ಹುಟ್ಟಿದ ಘಾತವನ್ನೂ ವೈರಿಗಳಿಂದ ಒದಗಿದ ಘಾತವನ್ನೂ ಅವನು ಬೇರೆ ಬೇರೆಯಾಗಿ ಎಣಿಸುತ್ತಾನೆ. ಕೂಗಾಟವೆಬ್ಬಿಸುವುದು, ಸಗಣಿ ಹೆಂಟೆಗಳನ್ನು ಎಸೆಯುವುದು ಎರಡನೆಯ ವರ್ಗದವು. ಚಿತ್ರವನ್ನು ನೋಡದೆಯೇ ನಟನೊಬ್ಬನ ಮೇಲಣ ದ್ವೇಷದಿಂದ ಒಂದಂಕವನ್ನು ಕೊಡುವವರೂ, ಅಭಿಮಾನದಿಂದ ಹತ್ತನ್ನು ಕೊಡುವವರೂ ಇಂದು ಇದ್ದಾರೆ. ಇವರ ಅಂಕಗಳು ಚಿತ್ರದ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಅವು ಎಸೆದ ಹೆಂಟೆಗಳು, ಇಲ್ಲವೆ ಎಸೆದ ಹೂಗಳು.

ಎರಡನೆಯದು ದೈವಿಕಿ ಸಿದ್ಧಿಯ ವಿಚಾರ. ರಂಗಮಂದಿರವು ಕಿಕ್ಕಿರಿದಿದ್ದರೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇರುವುದು ಅದರ ಲಕ್ಷಣ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (೧೯೭೭) ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಕುಳಿತ ಯಮುನೆಯನ್ನು ಬಿಟ್ಟು ಹುಡುಗ ನಾಣಿಯು ಹಿಂದಿರುಗುವುದನ್ನು ನೋಡಿದವನಿಗೆ, ಚಪ್ಪಾಳೆ ತಟ್ಟಲು ಕೈ ಬಾರದು. ಆ ಮೌನಕ್ಕೆ ಅಂಕವಿಲ್ಲ. ಅಂಕಗಳ ಪಟ್ಟಿಯನ್ನು ಓದುವವನು, ಪಟ್ಟಿಯಲ್ಲಿ ಬರೆಯದೆ ಎದ್ದುಹೋದವರನ್ನೂ ನೆನೆಯಬೇಕು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಸೂಚನೆಯಿಷ್ಟೆ. ನೋಡಿದ ಚಿತ್ರಕ್ಕೆ ಅಂಕವನ್ನು ಧಾರಾಳವಾಗಿ ಕೊಡಿರಿ. ಅದರ ಕೆಳಗೆ, ನೀವು ಯಾವ ದೃಶ್ಯಕ್ಕಾಗಿ ಕೊಟ್ಟಿರಿ, ಯಾವ ತಿಳಿವಳಿಕೆಯ ಬಲದಿಂದ ಕೊಟ್ಟಿರಿ, ಯಾವ ಅಂಶದಲ್ಲಿ ನಿಮಗೆ ತೀರ್ಪು ಹೇಳುವ ಅಧಿಕಾರವಿಲ್ಲವೆಂದು ತೋರಿತು ಎಂಬುದನ್ನು ಮೂರು ವಾಕ್ಯಗಳಲ್ಲಿ ಬರೆಯಿರಿ. ಕೆಲವು ವರ್ಷಗಳ ಅನಂತರ ಅದೇ ಚಿತ್ರವನ್ನು ಮತ್ತೆ ನೋಡಿ ಹಳೆಯ ಬರಹದೊಡನೆ ಹೋಲಿಸಿರಿ. ಅಂಕವು ಆಗ ಬದಲಾಗಿದ್ದರೆ ನಾಚಬೇಕಾಗಿಲ್ಲ. ಏಕೆ ಬದಲಾಯಿತೆಂಬುದನ್ನು ಆ ಮೂರು ವಾಕ್ಯಗಳು ತಿಳಿಸುತ್ತವೆ. ವಿಮರ್ಶೆಯ ಆರಂಭವೂ ಅಲ್ಲಿಯೇ.