ದೂಳು ತೂಗುವ ಪಟ್ಟಿ

ರಾಮನಗರದ ವಿಜಯನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಮಾಪನ ಕೇಂದ್ರವಿದೆ. ಹಗಲಿರುಳೂ ಗಾಳಿಯ ಗುಣ ಅಳೆಯುವುದೇ ಅದರ ಕೆಲಸ.

ಅಳೆಯುವ ಬಗೆಯೇ ಸೊಗಸು. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಬೀಟಾ ಮಾಪಕ ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ದಪ್ಪ ಕಣಗಳು ಬಾಯಲ್ಲೇ ತಡೆದು ನಿಲ್ಲುತ್ತವೆ. ನುಸುಳಿದ ಸಣ್ಣ ದೂಳು ಗಾಜಿನ ನಾರಿನ ಪಟ್ಟಿಯ ಮೇಲೆ ಕೂರುತ್ತದೆ. ದೂಳು ಕೂರುವ ಮುಂಚೆ ಒಮ್ಮೆ, ಕೂತ ಮೇಲೊಮ್ಮೆ ಪಟ್ಟಿಯ ಮೂಲಕ ಬೀಟಾ ಕಿರಣ ಹಾಯುತ್ತದೆ. ಕಿರಣ ಎಷ್ಟು ಕುಂದಿತೋ ಅದರಿಂದ ದೂಳಿನ ತೂಕ ಸಿಕ್ಕಿಬಿಡುತ್ತದೆ! ಆಮೇಲೆ ಪಟ್ಟಿ ಒಂದಿಷ್ಟು ಸರಿಯುತ್ತದೆ. ಉಳಿಯುವುದು ಬೂದು ಚುಕ್ಕೆಗಳ ಸಾಲು, ಕಳೆದ ಗಂಟೆಗಳ ಲೆಕ್ಕ.

ಆದರೆ ಚುಕ್ಕೆ ದೂಳು ಎಷ್ಟೆಂದು ಹೇಳೀತೇ ಹೊರತು ಯಾರದೆಂದಲ್ಲ. ಮೈಸೂರು ಹೆದ್ದಾರಿಯ ಲಾರಿಯದೋ, ಬಿಡದಿಯ ಕಾರ್ಖಾನೆಯದೋ, ರೇಷ್ಮೆಗೂಡು ಬೇಯಿಸುವ ಸೌದೆ ಒಲೆಯದೋ? ಅದಕ್ಕೆ ದೂಳಿನ ರಾಸಾಯನಿಕ ವಿಶ್ಲೇಷಣೆಯೇ ಆಗಬೇಕು. ಕನಕಪುರ, ಮಾಗಡಿ ಕಡೆಯ ಕಲ್ಲುಕ್ವಾರಿ ಪಕ್ಕದ ಊರುಗಳಿಗೆ ರಾಮನಗರದ ಅಂಕಿಯನ್ನೇ ಹಚ್ಚುವುದೂ ಸರಿಯಲ್ಲ.

ಪಿಎಂ 2.5 ಎಂಬ ಸಣ್ಣ ದೂಳಿನ ಕಣಗಳಿಗೆ ದೇಶದ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಕೇಂದ್ರಗಳ ಅಂಕಿಗಳು ‘ಸಮೀರ್’ ಆ್ಯಪ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ಬೆಳಗಿನ ವಾಕಿಂಗ್‌ಗೆ ಹೊರಡುವವರು ಒಮ್ಮೆ ನೋಡಿಕೊಳ್ಳಬಹುದು.