ಗುಂಡು ಹಾರಿಸಬೇಡ ಎಂದ ಹಾಡುಗಾರ

ಯುದ್ಧದ ವಿರುದ್ಧ ಹಾಡು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಶತ್ರು ದೇಶದ ವಿಮಾನಗಳು ಬಾಂಬು ಸುರಿಸುವಾಗ ಎಲ್ಲ ಕವಿಗಳೂ ಶಾಂತಿಪ್ರಿಯರೇ. ತನ್ನದೇ ದೇಶದ ಸೈನ್ಯ ಬಂದೂಕು ಎತ್ತಿದಾಗಲೂ ಅದೇ ಹಾಡನ್ನು ಅದೇ ದನಿಯಲ್ಲಿ ಹಾಡಬಲ್ಲನೇ ಎಂಬುದು ಕಲಾವಿದನಿಗೆ ಎದುರಾಗುವ ನಿಜವಾದ ಪರೀಕ್ಷೆ. ರಷ್ಯಾದ ಜನಪ್ರಿಯ ಗೀತರಚನೆಕಾರ ಮತ್ತು ಗಾಯಕ ಯೂರಿ ಶೆವ್ಚುಕ್ ನಾಲ್ಕು ದಶಕಗಳಲ್ಲಿ ಈ ಪರೀಕ್ಷೆಗೆ ಮತ್ತೆ ಮತ್ತೆ ಕುಳಿತವರು.

ಶೆವ್ಚುಕ್ ಹುಟ್ಟಿದ್ದು 1957ರಲ್ಲಿ, ರಷ್ಯಾದ ಪೂರ್ವದಂಚಿನ ಮಗದಾನ್ ಪ್ರಾಂತದಲ್ಲಿ. ತಂದೆ ಉಕ್ರೇನಿನವರು, ತಾಯಿ ತಾತಾರ್ ಜನಾಂಗದವರು. ಬಾಲ್ಯದ ಕೆಲವು ವರ್ಷಗಳು ಕಾಕಸಸ್ ತಪ್ಪಲಿನ ನಾಲ್ಚಿಕ್‌ನಲ್ಲಿ ಕಳೆದವು. ಆಮೇಲೆ ಕುಟುಂಬ ಬಶ್ಕೀರ್ ನಾಡಿನ ರಾಜಧಾನಿ ಉಫಾಕ್ಕೆ ಬಂತು. ಅಲ್ಲಿ ಅವರು ಚಿತ್ರಕಲೆ ಕಲಿತರು, ಹಳ್ಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. 1980ರಲ್ಲಿ ಗೆಳೆಯರೊಡನೆ ಕಟ್ಟಿದ ರಾಕ್ ಸಂಗೀತ ತಂಡ ಮುಂದೆ 'ಡಿಡಿಟಿ' ಎಂಬ ಕೀಟನಾಶಕದ ಹೆಸರಿನಿಂದ ಪ್ರಸಿದ್ಧವಾಯಿತು. ತಾಯಿ ತಾತಾರ್ ಎಂದ ಮಾತ್ರಕ್ಕೆ ಅವರನ್ನು 'ನಮ್ಮವರು' ಎನ್ನುವ ಆಸೆ ನಮ್ಮಲ್ಲಿ ಕೆಲವರಿಗೆ ಹುಟ್ಟಬಹುದು. ಶೆವ್ಚುಕ್ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಹಾಡಿನ ಬೆಲೆಯನ್ನು ಈ ಲೆಕ್ಕದಿಂದ ಅಳೆಯುವ ಅಗತ್ಯವೂ ಇಲ್ಲ.

ಸೋವಿಯತ್ ಪಡೆಗಳು ಅಫ್ಘಾನಿಸ್ತಾನವನ್ನು ಹೊಕ್ಕ ಬೆನ್ನಿಗೇ, 1980ರಲ್ಲಿ ಅವರು 'ಗುಂಡು ಹಾರಿಸಬೇಡ' ಎಂಬ ಹಾಡನ್ನು ಬರೆದರು. ಅದರ ಕಥೆ ತೀರಾ ಸರಳ. ಕವಣೆಯಿಂದ ಗುಬ್ಬಿ, ಪಾರಿವಾಳಗಳಿಗೆ ಹೊಡೆಯುವ ಒಬ್ಬ ಹುಡುಗ. ದೊಡ್ಡವನಾದ ಮೇಲೆ ಗುರಿಯಾಟದ ಅಂಗಡಿಗಳಲ್ಲಿ (ನಮ್ಮ ಉರೂಸು, ಜಾತ್ರೆಗಳಲ್ಲಿ ಬಂದೂಕಿನಿಂದ ಬಲೂನು ಒಡೆಯುತ್ತಾರಲ್ಲ, ಅಂಥದ್ದು) ಬಹುಮಾನ ಗಳಿಸಿ ಜನರಿಂದ ಶಹಬ್ಬಾಸ್ ಎನಿಸಿಕೊಳ್ಳುತ್ತಾನೆ. ಕೊನೆಗೆ ಅವನು ಬಯಸಿದ ಯುದ್ಧವೂ ಸಿಗುತ್ತದೆ. ಮನೆಗೆ ಮರಳಿದವನು ಆ ಹಳೆಯ ಅಂಗಡಿಯ ಹತ್ತಿರವೂ ಸುಳಿಯುವುದಿಲ್ಲ. ಯಾರಾದರೂ ಯುದ್ಧದ ಮಾತೆತ್ತಿದರೆ ಹೆಂಡದಲ್ಲಿ ಮನಸ್ಸಾಕ್ಷಿಯನ್ನು ಮುಳುಗಿಸುತ್ತಾನೆ. ಹೊಡೆಯಬೇಡ ಎಂದು ಅಂದು ತನ್ನೆದುರು ಬೇಡಿಕೊಂಡ ಹುಡುಗ ಅವನ ಕಣ್ಣಮುಂದೆ ಬಂದು ನಿಲ್ಲುತ್ತಾನೆ.

ಆ ಹುಡುಗನಿಗೆ ಹೆಸರಿಲ್ಲ, ದೇಶವಿಲ್ಲ, ಧರ್ಮವಿಲ್ಲ. ಇದು ಹಾಡಿನ ಶಕ್ತಿ. ಹಾಗೆಂದೇ ಅದನ್ನು ಯಾವ ಯುದ್ಧದಲ್ಲೂ ಹಾಡಬಹುದು. 1982ರಲ್ಲಿ ಕೊಮ್ಸೊಮೊಲ್‌ಸ್ಕಾಯಾ ಪ್ರಾವ್ದಾ ಪತ್ರಿಕೆಯ ಸ್ಪರ್ಧೆಯಲ್ಲಿ ಈ ಹಾಡಿಗೆ ಮನ್ನಣೆ ದೊರೆಯಿತು. ಶಾಂತಿ ಎಂಬುದು ಆಗ ಸರಕಾರದ ಘೋಷಣೆಯೂ ಆಗಿತ್ತು ಎಂಬುದನ್ನು ಮರೆಯಬಾರದು. ಆದರೆ 1984ರ 'ಪೆರಿಫೆರಿಯಾ' ಧ್ವನಿಸುರುಳಿಯಲ್ಲಿ ಮೂಲೆಯ ಊರುಗಳ ಬದುಕಿನ ಬಗ್ಗೆ ಹಾಡಿದಾಗ ಅದೇ ವ್ಯವಸ್ಥೆ ಮುನಿಯಿತು. ಕೆಜಿಬಿಯ ಕಣ್ಣು ಬಿತ್ತು. ಕೊನೆಗೆ ಅವರು ಉಫಾ ಬಿಟ್ಟು ಲೆನಿನ್‌ಗ್ರಾಡ್ ಸೇರಿದರು.

1995ರ ಜನವರಿಯಲ್ಲಿ, ರಷ್ಯಾದ ಸೈನ್ಯ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯನ್ನು ನೆಲಸಮ ಮಾಡುತ್ತಿದ್ದಾಗ ಶೆವ್ಚುಕ್ ಗಿಟಾರ್ ಹಿಡಿದು ಅಲ್ಲಿಗೆ ಹೋದರು. ರಷ್ಯನ್ ಸೈನಿಕರ ನಡುವೆಯೂ ಹಾಡಿದರು, ಚೆಚೆನ್ ಜನರ ನಡುವೆಯೂ ಹಾಡಿದರು. 'ಸತ್ತ ನಗರ. ಕ್ರಿಸ್‌ಮಸ್' ಎಂಬ ಹಾಡು ಆ ಅನುಭವದ ಫಲ. 2008ರ ಜಾರ್ಜಿಯಾ ಯುದ್ಧದ ಬಳಿಕ ಅವರು ನಡೆಸಿದ ಶಾಂತಿ ಸಂಗೀತ ಕಾರ್ಯಕ್ರಮಗಳಿಗೆ ಆ ಹಳೆಯ ಹಾಡಿನ ಹೆಸರನ್ನೇ ಇಟ್ಟರು.

ಇಷ್ಟು ಹೇಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಈ ಹಾಡಿನಲ್ಲಿ ಕೇಳುಗನ ಮನ ಕರಗುವುದು ಕೊಂದವನ ಸಂಕಟಕ್ಕೆ. ಸತ್ತ ಹುಡುಗ ಅವನ ನೆನಪಿನೊಳಗೆ ಮಾತ್ರ ಬದುಕಿದ್ದಾನೆ. ಆ ಹುಡುಗನ ತಾಯಿ ಹಾಡಿಗೆ ಬರುವುದೇ ಇಲ್ಲ. 1999ರಲ್ಲಿ ನ್ಯಾಟೋ ಬಾಂಬು ದಾಳಿಯನ್ನು ಖಂಡಿಸಿ ಅವರು ಯುಗೋಸ್ಲಾವಿಯಾದಲ್ಲಿ ಹಾಡಿದರು, ಕೊಸೊವೊದಲ್ಲಿ ಹಾಳಾದ ಸರ್ಬಿಯನ್ ಚರ್ಚುಗಳ ಬಗ್ಗೆ ವರದಿ ಮಾಡಿದರು. ಅದು ಸರಿಯೇ. ಆದರೆ ಸರ್ಬಿಯನ್ ಪಡೆಗಳು ಮನೆಗಳಿಂದ ಅಟ್ಟಿದ ಅಲ್ಬೇನಿಯನ್ ಮುಸ್ಲಿಮರ ನೋವಿಗೆ ಅಲ್ಲಿ ಅಷ್ಟೇ ಜಾಗ ಸಿಗಲಿಲ್ಲವೆಂದು ನಮಗನಿಸುತ್ತದೆ. ಸ್ವಂತ ಪಾಳಯದ ಸೆಳೆತ ಅವರನ್ನೂ ಬಿಟ್ಟಿಲ್ಲ.

ಆದರೂ ಅವರ ಹಾಡು ಬಂದೂಕು ಹಿಡಿದವನನ್ನೇ ಉದ್ದೇಶಿಸಿದ್ದು ಎಂಬುದನ್ನು ಒಪ್ಪಬೇಕು. ತನ್ನ ಜನರಿಗೆ ಹೇಳಬೇಕಾದುದನ್ನು ಅವರೆದುರೇ ನಿಂತು ಹೇಳುವ ಧೈರ್ಯ ಅವರಿಗಿದೆ. 2010ರ ಮೇ ತಿಂಗಳಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಸಭೆಯೊಂದರಲ್ಲಿ ಅಂದಿನ ಪ್ರಧಾನಿ ಪುಟಿನ್ ಅವರಿಗೆ ಪತ್ರಿಕಾ ಸ್ವಾತಂತ್ರ್ಯ ಮತ್ತು ಪ್ರತಿಭಟನೆಯ ಹಕ್ಕಿನ ಬಗ್ಗೆ ನೇರ ಪ್ರಶ್ನೆ ಹಾಕಿದರು. ಪುಟಿನ್ ಹೆಸರು ಕೇಳಿದಾಗ, ಯೂರಾ, ಸಂಗೀತಗಾರ ಎಂದಷ್ಟೇ ಉತ್ತರಿಸಿದರು.

2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ಅವರ ತಂದೆಯ ನಾಡಾದ ಉಕ್ರೇನಿನ ಮೇಲೆ ಎರಗಿತು. ಆ ಮೇ ತಿಂಗಳಲ್ಲಿ ಶೆವ್ಚುಕ್ ತಾವು ಬೆಳೆದ ಉಫಾದ ವೇದಿಕೆಯಲ್ಲಿ, ತಾಯ್ನಾಡೆಂದರೆ ಅಧ್ಯಕ್ಷರಲ್ಲ, ರೈಲು ನಿಲ್ದಾಣದಲ್ಲಿ ಆಲೂಗಡ್ಡೆ ಮಾರುವ ಬಡ ಅಜ್ಜಿ ಎಂಬರ್ಥದ ಮಾತನ್ನು ಒರಟಾಗಿಯೇ ಹೇಳಿದರು. ಆಗಸ್ಟ್‌ನಲ್ಲಿ ನ್ಯಾಯಾಲಯ 50,000 ರೂಬಲ್ ದಂಡ ಹಾಕಿತು. ಕಾರ್ಯಕ್ರಮಗಳು ರದ್ದಾದವು. 2023ರಲ್ಲಿ ಬಂದ ಅವರ ಗೀತಸಂಕಲನದ ಹೆಸರು 'ಗುರಿಯಾಟದ ಅಂಗಡಿಯಲ್ಲಿ ತೋಳಗಳು'. ಆ ಹುಡುಗ ಬಹುಮಾನ ಗೆದ್ದ ಅಂಗಡಿ ನಾಲ್ಕು ದಶಕಗಳ ಬಳಿಕವೂ ಮುಚ್ಚಿಲ್ಲ.

ನ್ಯಾಯದ ಸಾಕ್ಷಿಗಳಾಗಿ ನಿಲ್ಲುವಾಗ ಸ್ವಂತದ ವಿರುದ್ಧ, ತಂದೆತಾಯಿಯ ವಿರುದ್ಧವಾದರೂ ನಿಲ್ಲಬೇಕೆಂದು ಕುರ್‌ಆನ್ ನಮಗೆ ಕಲಿಸುತ್ತದೆ. ಅದನ್ನು ಓದುವ ನಾವು, ನಮ್ಮವರು ತಪ್ಪಿದಾಗ ಎಷ್ಟು ಸಲ ಬಾಯಿ ತೆರೆದಿದ್ದೇವೆ? ಶೆವ್ಚುಕ್ ಈ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿಲ್ಲ. ಆದರೆ ಪರೀಕ್ಷೆ ತಪ್ಪಿಸಿಕೊಂಡವರೂ ಅಲ್ಲ.