ಹಾಡಿನ ರಾಶಿಯಲ್ಲಿ ಹಾಡಿದವರ ಪಾಲು

ನಮ್ಮ ಸಂಘದ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುತ್ತ ಬೆಳೆದ ಹುಡುಗಿಯೊಬ್ಬಳಿಗೆ ಈಚೆಗೆ ಭಾವಗೀತೆಗಳ ಆಲ್ಬಂ ಒಂದನ್ನು ಹಾಡುವ ಅವಕಾಶ ಒದಗಿತು. ಅವಳ ತಂದೆ ಒಂದು ಭಾನುವಾರ ಬೆಳಿಗ್ಗೆ ಒಪ್ಪಂದದ ಕಾಗದಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ವಕೀಲನಲ್ಲ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು. "ನೂರಕ್ಕೆ ಹತ್ತು ರಾಯಲ್ಟಿ ಕೊಡುತ್ತಾರಂತೆ ಮಾರಾಯ್ರೆ, ಒಳ್ಳೆಯದೇ ಅಲ್ಲವಾ? ಒಮ್ಮೆ ಓದಿ ಹೇಳಿ," ಎಂದರು. ಹನ್ನೊಂದು ಪುಟಗಳ ಆ ಒಪ್ಪಂದದಲ್ಲಿ ಹತ್ತು ಎಂಬ ಅಂಕೆ ಮೂರನೆಯ ಪುಟದಲ್ಲಿತ್ತು. ಮುಂದಿನ ಪುಟಗಳೆಲ್ಲ ಆ ಹತ್ತನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವ ಕೆಲಸವನ್ನು ಮಾಡುತ್ತಿದ್ದುವು.

ಹಾಡಿನ ವಿಮರ್ಶೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ರಾಗ ಹೊಂದಿತೇ, ಸಾಹಿತ್ಯ ಸ್ಪಷ್ಟವಾಯಿತೇ, ವಾದ್ಯಗಳ ಗದ್ದಲ ಹೆಚ್ಚಾಯಿತೇ ಎಂದು ಚರ್ಚಿಸುತ್ತೇವೆ. ಆ ಹಾಡಿನ ಹಿಂದೆ ಇರುವ ಒಪ್ಪಂದವೂ ಒಂದು ಕೃತಿಯೇ. ಅದನ್ನು ಬರೆದವರಿಗೆ ಒಂದು ಉದ್ದೇಶವಿರುತ್ತದೆ, ಒಂದು ಶೈಲಿಯಿರುತ್ತದೆ. ಈ ಸಲ ಆ ಕೃತಿಯ ಗುಣದೋಷಗಳನ್ನು ನೋಡೋಣವೆಂದು ಮನಸ್ಸಾಗಿದೆ.

ಮೊದಲು ಶಬ್ದದಿಂದಲೇ ಹೊರಡೋಣ. ಕಲಾವಿದರಿಗೆ ಕೊಡುವ ಹಣಕ್ಕೆ ನಾವು ಸಂಭಾವನೆ ಎನ್ನುತ್ತೇವೆ, ಗೌರವಧನ ಎನ್ನುತ್ತೇವೆ. ಎರಡರಲ್ಲಿಯೂ ಕೊಡುವವನ ದೊಡ್ಡತನವಿದೆ, ಪಡೆಯುವವನ ಹಕ್ಕಿನ ಸುಳಿವಿಲ್ಲ. ರಾಯಲ್ಟಿ ಎಂಬುದು ಇವೆರಡೂ ಅಲ್ಲ. ಪ್ರತಿಯೊಂದು ಮಾರಾಟವಾದಾಗಲೆಲ್ಲ ಬರಬೇಕಾದ ಪಾಲು ಅದು. ಊರಿನಲ್ಲಿ ಹೊಲವನ್ನು ಪಾಲಿಗೆ ಮಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲು ಎಷ್ಟು ಎಂದು ಕೇಳಿದರೆ ಸಾಲದು. ಪಾಲು ಇಡೀ ರಾಶಿಯ ಮೇಲೋ, ಬೀಜ ಗೊಬ್ಬರ ಕಳೆದ ಮೇಲೋ? ಆ ಬೀಜ ಗೊಬ್ಬರವನ್ನು ಯಾರ ಪಾಲಿನಿಂದ ಕಳೆಯುವುದು? ರಾಶಿ ಅಳೆಯುವಾಗ ಕೊಳಗ ಯಾರ ಕೈಯಲ್ಲಿರುತ್ತದೆ? ರಾಯಲ್ಟಿಯ ಕಥೆಯೆಲ್ಲ ಈ ಮೂರು ಪ್ರಶ್ನೆಗಳಲ್ಲಿದೆ.

ಲೆಕ್ಕ ಸುಲಭವಾಗಲೆಂದು ಕಲ್ಪನೆಯ ಅಂಕೆಗಳನ್ನೇ ತೆಗೆದುಕೊಳ್ಳುತ್ತೇನೆ. ಕ್ಯಾಸೆಟ್ಟು, ಸಿ.ಡಿ.ಗಳ ಕಾಲದ ಒಂದು ಆಲ್ಬಮ್ಮಿನ ಬೆಲೆ 100 ರೂಪಾಯಿ, ಗಾಯಕಿಯ ಪಾಲು ನೂರಕ್ಕೆ 10 ಎನ್ನೋಣ. ಡಬ್ಬಿ, ಹೊದಿಕೆಗಳ ಬಾಬ್ತೆಂದು ಕಂಪನಿ ಮೊದಲು 25 ರೂಪಾಯಿ ಕಳೆಯುತ್ತದೆ. ಉಳಿದದ್ದು 75. ಅದರಲ್ಲಿ ಹತ್ತನೆಯ ಒಂದು ಪಾಲೆಂದರೆ ಏಳೂವರೆ ರೂಪಾಯಿ. ಅನಂತರ 'ಒಡೆತ'ದ ಬಾಬ್ತು. ಹಿಂದೆ ಗ್ರಾಮಫೋನ್ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಸಾಗಿಸುವಾಗ ಒಡೆಯುತ್ತಿದ್ದುವು. ಆದ್ದರಿಂದ ನೂರು ತಟ್ಟೆ ಮಾರಿದರೆ ತೊಂಬತ್ತಕ್ಕೆ ಮಾತ್ರ ರಾಯಲ್ಟಿ ಎಂಬ ಪದ್ಧತಿ ಪಶ್ಚಿಮದ ಕಂಪನಿಗಳಲ್ಲಿ ಬಂದಿತು. ಅರಗು ಹೋಗಿ ಒಡೆಯದ ಪ್ಲಾಸ್ಟಿಕ್ ಬಂದ ಮೇಲೂ ಎಷ್ಟೋ ಒಪ್ಪಂದಗಳಲ್ಲಿ ಆ ಸಾಲು ಅಳಿಯದೆ ಉಳಿದುಕೊಂಡಿತು. ಅದನ್ನೂ ಹಿಡಿದರೆ ಪ್ರತಿಗೆ ಬರುವುದು 6 ರೂಪಾಯಿ 75 ಪೈಸೆ.

ಇನ್ನು ಬೀಜ ಗೊಬ್ಬರ. ಸ್ಟುಡಿಯೋ ಬಾಡಿಗೆ, ವಾದ್ಯದವರ ಖರ್ಚು ಸೇರಿ ಒಂದೂವರೆ ಲಕ್ಷ, ಗಾಯಕಿಗೆ ಕೊಟ್ಟ ಮುಂಗಡ 25,000, ಒಟ್ಟು 1,75,000. ಇದು ಕಂಪನಿ ಹಾಕಿದ ಬಂಡವಾಳವೆಂದು ನಾವು ತಿಳಿಯುತ್ತೇವೆ. ಒಪ್ಪಂದದ ಭಾಷೆಯಲ್ಲಿ ಅದು ಗಾಯಕಿಯ ರಾಯಲ್ಟಿಯಿಂದಲೇ ವಸೂಲಾಗಬೇಕಾದ ಮೊತ್ತ. ಹತ್ತು ಸಾವಿರ ಪ್ರತಿ ಮಾರಾಟವಾದರೆ ಅವಳ ಖಾತೆಗೆ ಜಮೆಯಾಗುವುದು 67,500. ಇನ್ನೂ 1,07,500 ಬಾಕಿ. ಅತ್ತ ಕಂಪನಿಗೆ ಸಗಟು ವ್ಯಾಪಾರಿಯಿಂದ ಪ್ರತಿಗೆ 50ರಂತೆ ಐದು ಲಕ್ಷ ಬಂದಿದೆ. ಪ್ರತಿಗೆ 15ರಂತೆ ತಯಾರಿಕೆಗೆ ಒಂದೂವರೆ ಲಕ್ಷ, ಮುದ್ರಣಕ್ಕೆ ಮತ್ತು ಮುಂಗಡಕ್ಕೆ ಒಂದೂಮುಕ್ಕಾಲು ಲಕ್ಷ ಕಳೆದರೂ ಒಂದೂಮುಕ್ಕಾಲು ಲಕ್ಷ ಉಳಿಯುತ್ತದೆ. ಜಾಹೀರಾತು, ಕಚೇರಿಯ ಖರ್ಚು ಅದರಲ್ಲಿ ಹೋಗಲಿ. ಆದರೂ ಒಂದೇ ಆಲ್ಬಂ ಒಬ್ಬರ ಪುಸ್ತಕದಲ್ಲಿ ಲಾಭ, ಇನ್ನೊಬ್ಬರ ಪುಸ್ತಕದಲ್ಲಿ ಸಾಲ! ಸುಮಾರು 26,000 ಪ್ರತಿಗಳು ಮಾರಾಟವಾಗುವ ತನಕ ಗಾಯಕಿಗೆ ಮುಂಗಡದ ಹೊರತು ಕಾಸೂ ಇಲ್ಲ. ಎಲ್ಲ ವಸೂಲಾದ ಮೇಲೆಯೂ ಧ್ವನಿಮುದ್ರಣದ ಒಡೆತನ ಕಂಪನಿಯದೇ. ಬ್ಯಾಂಕಿನವನಾದ ನನಗೆ ಇಲ್ಲಿಯೇ ಕಸಿವಿಸಿ. ಮನೆಸಾಲ ತೀರಿದರೆ ಪತ್ರ ಹಿಂದಿರುಗಿಸುತ್ತಿದ್ದೆವು. ಇಲ್ಲಿ ಸಾಲ ತೀರಿಸಿದವರು ಒಬ್ಬರು, ಮನೆ ಇನ್ನೊಬ್ಬರದು.

ಇದು ಹೊಸಬರಿಗೆ ಮಾತ್ರ ಒದಗುವ ಕಷ್ಟವೆಂದು ತಿಳಿಯಬಾರದು. ಇಂಗ್ಲೆಂಡಿನ ಬೀಟಲ್ಸ್ ತಂಡ 1962ರಲ್ಲಿ ಇ.ಎಂ.ಐ. ಕಂಪನಿಯೊಂದಿಗೆ ಮಾಡಿಕೊಂಡ ಮೊದಲ ಒಪ್ಪಂದದಂತೆ, ಎರಡೂ ಬದಿ ಹಾಡಿರುವ ಒಂದು ತಟ್ಟೆಗೆ ನಾಲ್ವರಿಗೂ ಸೇರಿ ಒಂದು ಪೆನ್ನಿ. ಹೊರದೇಶದ ಮಾರಾಟಕ್ಕೆ ಅದರ ಅರ್ಧ. ಪಾಲು ಹೆಚ್ಚಿದ ಮೇಲೂ ಕೊಳಗದ ಜಗಳ ತೀರಲಿಲ್ಲ. ಲೆಕ್ಕ ತಪಾಸಣೆ ಮಾಡಿಸಿದ ಅವರ ಸಂಸ್ಥೆ, ಸುಮಾರು ಮೂರು ಕೋಟಿ ಪೌಂಡ್ ಬಾಕಿ ಇದೆಯೆಂದು 2005ರಲ್ಲಿ ದಾವೆ ಹೂಡಿತು. 2007ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಮೆರಿಕದ ಟಿ.ಎಲ್.ಸಿ. ಎಂಬ ಮೂವರು ಗಾಯಕಿಯರ ತಂಡ 1994ರಲ್ಲಿ ಹೊರತಂದ ಆಲ್ಬಂ ಒಟ್ಟು ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು. 1995ರಲ್ಲಿ ಅವರು ದಿವಾಳಿ ಅರ್ಜಿ ಹಾಕಿದರು. ಬೇರೆ ಕಾರಣಗಳೂ ಇದ್ದುವು, ಆದರೆ ಒಪ್ಪಂದದ ಕಡಿತಗಳ ಮಾತನ್ನು ಅವರೇ ಬಹಿರಂಗವಾಗಿ ಆಡಿದರು.

ನಮ್ಮ ಮುಂಬಯಿಯ ಚಿತ್ರಸಂಗೀತದಲ್ಲಿ ಈ ಪ್ರಶ್ನೆ ಎದ್ದದ್ದು ಅರವತ್ತರ ದಶಕದ ಆರಂಭದಲ್ಲಿ. ನಿರ್ಮಾಪಕರು ಕೆಲವು ಸಂಗೀತ ನಿರ್ದೇಶಕರಿಗೆ ನೂರಕ್ಕೆ ಐದರಷ್ಟು ರಾಯಲ್ಟಿ ಬಿಟ್ಟುಕೊಡುತ್ತಿದ್ದರು. ಅದರಲ್ಲಿ ಅರ್ಧ ಗಾಯಕರಿಗೆ ಸಲ್ಲಬೇಕೆಂದು ಲತಾ ಮಂಗೇಶ್ಕರ್ ಕೇಳಿದರು. ಮಹಮ್ಮದ್ ರಫಿ ಒಪ್ಪಲಿಲ್ಲ. ಹಾಡಿದ್ದಕ್ಕೆ ಹಣ ಪಡೆದ ಮೇಲೆ ಗಾಯಕನ ಹಕ್ಕು ಮುಗಿಯಿತೆಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರಿಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. ರಫಿಯವರ ಮಾತಿನಲ್ಲಿ ಒಂದು ಬಗೆಯ ಸಜ್ಜನಿಕೆ ಇದೆ. ಚಿತ್ರ ಸೋತರೆ ಗಾಯಕ ಹಣ ಹಿಂದಿರುಗಿಸುವುದಿಲ್ಲ, ಗೆದ್ದಾಗ ಮಾತ್ರ ಪಾಲು ಕೇಳುವುದು ಹೇಗೆ ಎಂದು ಯೋಚಿಸುವವರಿಗೆ ಅದು ಸರಿಯೆನಿಸದಿರದು. ಆದರೆ ಚಿತ್ರ ಸೋತು ಮರೆತುಹೋದ ಮೇಲೂ ಅದರ ಹಾಡು ಮೂವತ್ತು ವರ್ಷ ಮಾರಾಟವಾಗುತ್ತಿತ್ತಲ್ಲ! ಆ ಮಾರಾಟ ನಡೆದದ್ದು ಗಾಯಕರ ಕಂಠದ ಬಲದಿಂದ. ಲತಾ ಕೇಳಿದ್ದು ಆ ಎರಡನೆಯ ಬೆಳೆಯ ಪಾಲನ್ನು. ನನ್ನ ಅಭಿಪ್ರಾಯದಲ್ಲಿ ನ್ಯಾಯ ಅವರ ಕಡೆಗಿತ್ತು.

ಕಾನೂನು ಈ ಕಡೆ ನಿಧಾನವಾಗಿ ನಡೆದು ಬಂದಿತು. 1957ರ ಕೃತಿಸ್ವಾಮ್ಯ ಶಾಸನದಲ್ಲಿ ಹಾಡುವವರ ಹಕ್ಕಿನ ಮಾತೇ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕ ಹಣ ಕೊಟ್ಟು ಬರೆಯಿಸಿದ ಗೀತ ಸಂಗೀತಗಳಿಗೆ ಬೇರೆ ಕರಾರಿಲ್ಲದಿದ್ದರೆ ನಿರ್ಮಾಪಕನೇ ಒಡೆಯನೆಂದು ತೀರ್ಪಿತ್ತಿತು. ಆಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸೇರಿಸಿದ ಟಿಪ್ಪಣಿಯಲ್ಲಿ, ಕಾಗದದ ಮೇಲಿನ ಸ್ವರಕ್ಕೆ ರಕ್ಷಣೆಯಿದ್ದು ಅದಕ್ಕೆ ಜೀವ ಕೊಡುವ ಗಾಯಕನಿಗೆ ಇಲ್ಲದಿರುವ ವಿಚಿತ್ರವನ್ನು ಎತ್ತಿ ತೋರಿಸಿದರು. 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಶಾಸನಕ್ಕೆ ಬಂದಿತು. 1999ರಲ್ಲಿ ಅದರ ಅವಧಿ 50 ವರ್ಷವಾಯಿತು. 2012ರ ತಿದ್ದುಪಡಿ, ಚಿತ್ರಗೀತೆಗಳನ್ನು ಚಿತ್ರಮಂದಿರದ ಹೊರಗೆ ಬಳಸಿದಾಗ ಕವಿ ಮತ್ತು ಸಂಗೀತ ಸಂಯೋಜಕರಿಗೆ ಬರಬೇಕಾದ ರಾಯಲ್ಟಿಯನ್ನು ಕಂಪನಿಗೆ ಬರೆದುಕೊಡದಂತೆ ತಡೆಯಿತು. ಹಾಡುವವರಿಗೂ ವಾಣಿಜ್ಯ ಬಳಕೆಯಿಂದ ರಾಯಲ್ಟಿಯ ಹಕ್ಕಿದೆಯೆಂದು ಒಪ್ಪಿಕೊಂಡಿತು. ರಾಜ್ಯಸಭೆಯಲ್ಲಿ ಅದಕ್ಕಾಗಿ ವಾದಿಸಿದವರಲ್ಲಿ ಕವಿ ಜಾವೇದ್ ಅಖ್ತರ್ ಮುಖ್ಯರು. 2013ರಲ್ಲಿ ಗಾಯಕರ ಹಕ್ಕಿನ ಸಂಘವೊಂದು ನೋಂದಣಿಯಾಯಿತು. ಇಷ್ಟಾದರೂ ಆಲ್ಬಮ್ಮಿನಲ್ಲಿ ಗಾಯಕಿಯ ಪಾಲು ನೂರಕ್ಕೆ ಎಷ್ಟು, ಮೊದಲು ಯಾವುದನ್ನು ಕಳೆಯಬೇಕು ಎಂಬುದನ್ನು ಶಾಸನ ಹೇಳುವುದಿಲ್ಲ. ಅದು ಒಪ್ಪಂದದ ಮಾತು. ಆದ್ದರಿಂದಲೇ ಆ ಹನ್ನೊಂದು ಪುಟಗಳು ಮುಖ್ಯ.

ಈಗ ತಟ್ಟೆಯಿಲ್ಲ, ಡಬ್ಬಿಯಿಲ್ಲ, ಹಾಡು ಫೋನಿನಲ್ಲಿ ಹರಿದು ಬರುತ್ತದೆ. ಒಡೆತದ ಸಾಲು ಹೋಗಿರಬಹುದು. ಹುಡುಗಿಯ ಒಪ್ಪಂದದಲ್ಲಿ ಅದರ ಜಾಗಕ್ಕೆ ಬಂದಿದ್ದುದು 'ನಿವ್ವಳ ಆದಾಯ' ಎಂಬ ಸಭ್ಯವಾದ ಎರಡು ಶಬ್ದ. ಯಾವುದನ್ನೆಲ್ಲ ಕಳೆದರೆ ನಿವ್ವಳವಾಗುತ್ತದೆ ಎಂಬುದಕ್ಕೆ ವಿವರಣೆಯಿರಲಿಲ್ಲ. ಕೃತಿಯ ಶೈಲಿಯ ದೋಷ ಇದೇ ಎನ್ನಬೇಕು: ಕೊಡುವುದನ್ನು ಅಂಕೆಯಲ್ಲಿ ಹೇಳುತ್ತದೆ, ಕಳೆಯುವುದನ್ನು ಅಕ್ಷರದಲ್ಲಿ ಅಡಗಿಸುತ್ತದೆ. ಕಂಪನಿಯ ಪರವಾಗಿಯೂ ಒಂದು ಮಾತಿದೆ. ಹತ್ತು ಆಲ್ಬಂ ತಂದರೆ ಹಾಕಿದ ಹಣ ಹಿಂದಿರುಗುವುದು ಒಂದೆರಡರಿಂದ, ಉಳಿದವುಗಳ ನಷ್ಟ ತಮ್ಮ ತಲೆಯ ಮೇಲೆ ಎಂದು ಅವರೆನ್ನುವುದು ಸುಳ್ಳಲ್ಲ. ನಷ್ಟದ ಭಯವಿರುವವನು ಹೆಚ್ಚು ಪಾಲು ಕೇಳಲಿ, ಆಕ್ಷೇಪವಿಲ್ಲ. ಲೆಕ್ಕವನ್ನು ಮುಚ್ಚಿಡಲು ಮಾತ್ರ ಅದು ಕಾರಣವಾಗದು.

ಕಂಪನಿಗಳನ್ನು ಇಷ್ಟು ತಪಾಸಣೆ ಮಾಡಿದ ಮೇಲೆ ನಮ್ಮ ಮನೆಯ ಕಪಾಟನ್ನೂ ತೆರೆಯಬೇಕಷ್ಟೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದಾಗ ಕನ್ನಡ ಭಾವಗೀತೆ ಹೊರನಾಡಿನ ಮನೆಮನೆಗೂ ತಲಪುವ ದಾರಿ ತೆರೆಯಿತು. ಆಮೇಲಿನ ವರ್ಷಗಳಲ್ಲಿ ನಾವು ಮಾಡಿದ್ದೇನು? ರಜೆಗೆ ಊರಿಗೆ ಹೋದವರು ಒಂದು ಭಾವಗೀತೆಯ ಕ್ಯಾಸೆಟ್ಟು ಕೊಂಡು ತರುತ್ತಿದ್ದರು. ಎರಡು ಕ್ಯಾಸೆಟ್ಟು ಹಿಡಿಸುವ ಟೇಪ್ ರೆಕಾರ್ಡರು ಯಾರ ಮನೆಯಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ತಿಂಗಳೊಳಗೆ ಅದು ಹತ್ತು ಮನೆಗಳಲ್ಲಿ ಹಾಡುತ್ತಿತ್ತು. ಹಾಗೆ ಕಾಪಿ ಮಾಡಿದ ಕ್ಯಾಸೆಟ್ಟುಗಳು ನನ್ನ ಕಪಾಟಿನಲ್ಲಿ ಇನ್ನೂ ಇವೆ. ಮೇಲೆ ನನ್ನ ಹೆಂಡತಿಯ ಅಕ್ಷರದಲ್ಲಿ ಹಾಡುಗಳ ಹೆಸರಿದೆ. ಕವಿಯ ಹೆಸರಿಲ್ಲ, ಗಾಯಕರ ಹೆಸರಿಲ್ಲ. ಅದು ಕನ್ನಡದ ಪ್ರೀತಿಯೆಂದೇ ನಾವು ಭಾವಿಸಿದ್ದೆವು. ಪ್ರೀತಿಯೂ ಹೌದು, ಹಾಡಿದವರ ರಾಶಿಯಿಂದ ಒಂಬತ್ತು ಸೇರು ತೆಗೆದದ್ದೂ ಹೌದು. ನಮ್ಮ ಸಂಘಗಳ ಕಾರ್ಯಕ್ರಮದಲ್ಲಿಯೂ ಶಾಮಿಯಾನದವನಿಗೆ, ಮೈಕಿನವನಿಗೆ, ಊಟದವನಿಗೆ ಲೆಕ್ಕ ಹಾಕಿ ಹಣ ಕೊಟ್ಟು, ಹಾಡಿದವರಿಗೆ ಶಾಲು ಹೊದಿಸಿ ಕಳುಹಿಸುತ್ತೇವೆ.

ಗೆಳೆಯರಿಗೆ ನಾನು ಮೂರು ಮಾತು ಬರೆದುಕೊಟ್ಟೆ. ನಿವ್ವಳ ಎಂದರೇನೆಂದು ಒಪ್ಪಂದದಲ್ಲಿಯೇ ಬಿಡಿಸಿ ಬರೆಯಲಿ. ಮುದ್ರಣದ ಖರ್ಚಿನಲ್ಲಿ ಅರ್ಧವನ್ನಾದರೂ ಕಂಪನಿ ತನ್ನ ಪಾಲಿನಿಂದ ಹೊರಲಿ. ವರ್ಷಕ್ಕೊಮ್ಮೆ ಲೆಕ್ಕದ ಪುಸ್ತಕ ನೋಡುವ ಹಕ್ಕು ಇರಲಿ. ಮೊದಲಿನ ಎರಡಕ್ಕೆ ಕಂಪನಿಯವರು ಆಗದೆಂದರು, ಮೂರನೆಯದಕ್ಕೆ ಒಪ್ಪಿದರು. ಹುಡುಗಿ ಸಹಿ ಹಾಕಿದಳು. "ಹಾಡದೆ ಇರುವುದಕ್ಕಿಂತ ಇದು ವಾಸಿ ಅಲ್ಲವಾ ಮಾವ?" ಎಂದು ನನ್ನನ್ನು ಕೇಳಿದಳು. ಹೌದೆಂದೆ. ಆಲ್ಬಂ ಬಂದ ದಿನ ಅದನ್ನು ಹಣ ಕೊಟ್ಟೇ ಕೇಳುತ್ತೇನೆಂದೂ, ಮೊದಲ ವರ್ಷದ ಲೆಕ್ಕ ಬಂದಾಗ ನನಗೆ ತೋರಿಸಬೇಕೆಂದೂ ಹೇಳಿದ್ದೇನೆ.